ಪದ್ಮಿನಿಯ ಎಕ್ಸ್‌ಟಿಂಗ್ವಿಷರ್: ಮುಳ್ಳು ಹಸಿರಲ್ಲೇ ಇದ್ದರೂ ಪಾಯಿಂಟ್ ಕಟ್, ಯಾಕೆ?

ಜಯನಗರದ ಪದ್ಮಿನಿ:
ಎಲ್ಲರಿಗೂ ನಮಸ್ಕಾರ. ನನ್ನದು 1978ರ ಪ್ರೀಮಿಯರ್ ಪದ್ಮಿನಿ, ಅಪ್ಪ ಓಡಿಸಿದ ಗಾಡಿ. ಹೋದ ತಿಂಗಳು ಬೆಂಗಳೂರಲ್ಲೇ ಹಳೇ ಗಾಡಿಗಳ ಒಂದು ಶೋಗೆ ಒಯ್ದಿದ್ದೆ. ಪೇಂಟು, ಕ್ರೋಮು, ಸೀಟಿನ ಹೊಲಿಗೆ ಎಲ್ಲ ನೋಡಿ ಜಡ್ಜ್ ಖುಷಿಯಾಗಿಯೇ ಇದ್ದರು. ಆಮೇಲೆ "ಎಕ್ಸ್‌ಟಿಂಗ್ವಿಷರ್ ತೋರಿಸಿ" ಅಂದರು, ಬೆಂಕಿ ಆರಿಸುವ ಸಿಲಿಂಡರ್. ಡಿಕ್ಕಿ ತೆಗೆದು, ಗೋಣಿಚೀಲ ಸರಿಸಿ, ಜಾಕ್ ಎತ್ತಿ ಕೆಳಗಿಟ್ಟು, ಸ್ಟೆಪ್ನಿ ಸಂದಿಯಿಂದ ಒಂದು ಕಿಲೋದ ಎಬಿಸಿ ಪೌಡರ್ ಸಿಲಿಂಡರ್ ಎಳೆದು ಕೊಟ್ಟೆ. ಅದರ ಪ್ರೆಶರ್ ಮೀಟರಿನ ಮುಳ್ಳು ಹಸಿರಿನಲ್ಲೇ ಇತ್ತು. ಅವರು ಅದನ್ನು ತಲೆಕೆಳಗು ಮಾಡಿ, ಕಿವಿ ಹತ್ತಿರ ಹಿಡಿದು, ಏನೂ ಮಾತಾಡದೆ ವಾಪಸ್ ಕೊಟ್ಟರು. ರಿಸಲ್ಟ್ ನೋಡಿದರೆ ಅಲ್ಲೇ ಪಾಯಿಂಟ್ ಕಟ್.

ಹಸಿರಲ್ಲಿದ್ದರೆ ಸರಿ ಇದೆ ಅಂತಲೇ ಅಲ್ವಾ? ಇನ್ನೊಂದು, ಮುಂದೆ ಫಿಟ್ ಮಾಡೋಣ ಅಂದರೆ ಒರಿಜಿನಲ್ ಫ್ಲೋರಿಗೆ ಡ್ರಿಲ್ ಹಾಕಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಬಸವನಗುಡಿ ಹೆರಾಲ್ಡ್:
ಸರ್, ಮುಳ್ಳು ಹೇಳುವುದು ಒಳಗಿನ ಗ್ಯಾಸ್ ಪ್ರೆಶರ್ ಮಾತ್ರ. ಪೌಡರ್ ಹೇಗಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ಗಾಡಿಯ ಅದುರಿಕೆಗೆ ಪೌಡರ್ ತಳಕ್ಕೆ ಕೂತು ಗಟ್ಟಿಯಾಗುತ್ತದೆ. ಚೆನ್ನಾಗಿರುವ ಸಿಲಿಂಡರನ್ನು ನಿಧಾನಕ್ಕೆ ತಲೆಕೆಳಗು ಮಾಡಿದರೆ ಒಳಗೆ ಪೌಡರ್ ಜಾರುವುದು ಕೈಗೆ ಗೊತ್ತಾಗುತ್ತದೆ, ಸಣ್ಣಗೆ ಕೇಳಿಸುತ್ತದೆ ಕೂಡ. ನಿಮ್ಮದರಲ್ಲಿ ಏನೂ ಜಾರಿರಲಿಕ್ಕಿಲ್ಲ. ಹಾಗಿದ್ದರೆ ಹಿಡಿ ಒತ್ತಿದಾಗ ಗ್ಯಾಸ್ ಪುಸ್ ಅಂತ ಹೋಗುತ್ತದೆ, ಪೌಡರ್ ಒಳಗೇ ಉಳಿಯುತ್ತದೆ. ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಪ್ರೆಶರ್ ಇದೆ. ರೀಫಿಲ್ ಮಾಡುವವರಿಗೆ ಕೊಡಿ, ಇಲ್ಲವೇ ಹೊಸದೇ ತಗೊಳ್ಳಿ. ಐಎಸ್‌ಐ ಗುರುತು, ಅದರ ಜೊತೆ ಐಎಸ್ 15683 ಅಂತ ಎಕ್ಸ್‌ಟಿಂಗ್ವಿಷರಿನ ಸ್ಟ್ಯಾಂಡರ್ಡ್ ನಂಬರ್ ಇದೆಯಾ ನೋಡಿ.

ಇನ್ನು ಡಿಕ್ಕಿ. ಬಾನೆಟ್ಟಿನಿಂದ ಹೊಗೆ ಬರುತ್ತಿರುವಾಗ ಜಾಕ್ ಎತ್ತಿ ಪಕ್ಕಕ್ಕಿಡುತ್ತಾ ಕೂರುತ್ತೀರಾ? ನಾನು ಜಡ್ಜ್ ಆಗಿದ್ದರೂ ಕಟ್ ಮಾಡುತ್ತಿದ್ದೆ, ಬೇಜಾರಾಗಬೇಡಿ.

ಮಲ್ಲೇಶ್ವರಂ ಅಂಬಾಸಿಡರ್:
ಡ್ರಿಲ್ ಬೇಡವೇ ಬೇಡ. ಮುಂದಿನ ಸೀಟಿನ ರೈಲು ಫ್ಲೋರಿಗೆ ಕೂರುವ ಬೋಲ್ಟುಗಳು ಇವೆಯಲ್ಲ, ಅದೇ ಸಾಕು. ಮೂರು ಮಿಲಿಮೀಟರ್ ದಪ್ಪದ ಲೋಹದ ಪಟ್ಟಿ ಒಂದನ್ನು ಆ ಬೋಲ್ಟಿನ ಅಳತೆಗೆ ತೂತು ಮಾಡಿಸಿ, ಸೀಟಿನ ಮುಂದಿನ ಅಂಚಿಗೆ ಅಡ್ಡ ಬರುವ ಹಾಗೆ ಹಾಕಿ, ಅದರ ಮೇಲೆ ಬ್ರಾಕೆಟ್ ಕೂರಿಸಿ. ಶೋ ಮುಗಿದ ಮೇಲೆ ಬಿಚ್ಚಿದರೆ ಗುರುತೂ ಇರುವುದಿಲ್ಲ. ಪಟ್ಟಿಯ ದಪ್ಪಕ್ಕೆ ತಕ್ಕಂತೆ ಬೋಲ್ಟ್ ಸ್ವಲ್ಪ ಉದ್ದದ್ದು ಬೇಕು, ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಹಳೆಯದನ್ನು ತೋರಿಸಿದರೆ ಹುಡುಕಿ ಕೊಡುತ್ತಾರೆ. ಬ್ರಾಕೆಟ್ ಮೆಟಲ್ ಕ್ಲಿಪ್ಪಿನದ್ದೇ ಇರಲಿ. ಪ್ಲಾಸ್ಟಿಕ್ಕಿನದು ಬ್ರೇಕ್ ಹೊಡೆದಾಗ ಬಿಟ್ಟುಕೊಂಡು ಸಿಲಿಂಡರ್ ಪೆಡಲ್ ಕೆಳಗೆ ಉರುಳಿದರೆ ಬೆಂಕಿಗಿಂತ ಮೊದಲು ಅದೇ ಅಪಾಯ.

ಒಂದು ಮಾತು, ಎಬಿಸಿ ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಅದರೊಳಗಿನದು ಮೋನೋ ಅಮೋನಿಯಂ ಫಾಸ್ಫೇಟ್. ಬಿಸಿ ಎಂಜಿನ್ ಮೇಲೆ ಬಿದ್ದರೆ ಕರಗಿ ಅಂಟಿಕೊಳ್ಳುತ್ತದೆ, ಒದ್ದೆಯಾದರೆ ಅಲ್ಯುಮಿನಿಯಂ, ವೈರಿಂಗ್ ತಿನ್ನುತ್ತದೆ. ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನದು ಇಟ್ಟುಕೊಳ್ಳಿ, ಚೂರೂ ಉಳಿಯಲ್ಲ.

ಬಸವನಗುಡಿ ಹೆರಾಲ್ಡ್:
ಚೂರೂ ಉಳಿಯಲ್ಲ ನಿಜ. ಆದರೆ ಬಯಲಲ್ಲಿ ಗಾಳಿ ಬೀಸಿದರೆ ಗ್ಯಾಸೂ ಉಳಿಯಲ್ಲ! ಬಿಸಿ ಎಗ್ಸಾಸ್ಟ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಆರಿದ್ದು ಮತ್ತೆ ಹತ್ತಿಕೊಳ್ಳುತ್ತದೆ. ಎರಡು ಕಿಲೋದ್ದು ಅಂದರೂ ಸಿಲಿಂಡರ್ ತೂಕ ಸೇರಿ ಅದರ ಎರಡು ಮೂರು ಪಟ್ಟು ಭಾರ. ಮುಚ್ಚಿದ ಗಾಡಿಯೊಳಗೆ ಬಿಟ್ಟರೆ ನಮಗೇ ಉಸಿರು ಕಟ್ಟುತ್ತದೆ. ಮುಖ್ಯವಾಗಿ, ಸಿಓಟುಗೆ ಮುಳ್ಳೇ ಇರುವುದಿಲ್ಲ. ತೂಕ ಹಾಕಿಯೇ ನೋಡಬೇಕು. ಮೇಲೆ ಕೊರೆದಿರುವ ತೂಕಕ್ಕೂ ತಕ್ಕಡಿಯ ತೂಕಕ್ಕೂ ತಾಳೆ ನೋಡಿ. "ಮೀಟರ್ ಎಲ್ಲಿ" ಅಂತ ಯಾರಾದರೂ ಕೇಳಿದರೆ ಗಾಬರಿ ಬೇಡ.

ನನ್ನ ಲೆಕ್ಕ ಇಷ್ಟೇ. ಓಡಿಸುವಾಗ ಕಾಲ ಹತ್ತಿರ ಒಂದು ಕಿಲೋ ಎಬಿಸಿ, ಶೋನಲ್ಲಿ ಬಾನೆಟ್ ತೆರೆದು ನಿಲ್ಲಿಸಿದಾಗ ಪಕ್ಕದಲ್ಲಿ ಸಿಓಟು. ಕಾರ್ಬ್ಯುರೇಟರ್ ಹತ್ತಿರ ಸಣ್ಣಗೆ ಹೊತ್ತಿಕೊಂಡರೆ ಮೊದಲು ಸಿಓಟು. ಜೋರಾದರೆ ಪೌಡರೇ, ಆಗ ಪೇಂಟಿನ ಮುಖ ನೋಡಬೇಡಿ.

ಜಯನಗರದ ಪದ್ಮಿನಿ:
ಅಮೆರಿಕದಲ್ಲಿರುವ ಕಸಿನ್ ಅಲ್ಲಿನ ಶೋಗಳಿಗೆ "ಬಿ-ಸಿ" ಅಂತ ಬರೆದ ಸಿಲಿಂಡರ್ ಸಾಕು ಅಂತಾನೆ. ನಮ್ಮಲ್ಲೂ ಅದೇನಾ? ಮತ್ತೆ ಸಂಡೇ ಬಜಾರಿನಲ್ಲಿ ಬೆಂಕಿ ಆರಿಸುವ ಹಿತ್ತಾಳೆಯ ಹಳೇ ಪೈರೀನ್ ಪಂಪ್ ಒಂದು ಸಿಕ್ಕಿದೆ. ಪಾಲಿಶ್ ಮಾಡಿಸಿ ಅದನ್ನೇ ಹಾಕಲಾ? ಚೆಂದ ಕಾಣುತ್ತೆ.

ಬಸವನಗುಡಿ ಹೆರಾಲ್ಡ್:
ಅಲ್ಲಿನ ಎಎಸಿಎ ಅನ್ನುವ ದೊಡ್ಡ ಕ್ಲಬ್ಬಿನಲ್ಲಿ 400 ಪಾಯಿಂಟಿನ ಜಡ್ಜಿಂಗ್ ಇದೆ. ಜಡ್ಜಿಂಗ್ ಹೊತ್ತಿಗೆ ತುಂಬಿದ ಸಿಲಿಂಡರ್ ಗಾಡಿಯ ಜೊತೆ ಕಣ್ಣಿಗೆ ಕಾಣುವಂತೆ ಇರಬೇಕು. ನಮ್ಮಲ್ಲಿ ಆಯಾ ಶೋನವರ ಎಂಟ್ರಿ ಫಾರಂ ನೋಡಿ ನಡೆಯಬೇಕು. ಯಾವ ಬೆಂಕಿಗೆ ಅಂತ ಹೇಳುವ ಎ, ಬಿ, ಸಿ ಅಕ್ಷರಗಳು ಮಾತ್ರ ಮೋಸ ಮಾಡುತ್ತವೆ. ಅಲ್ಲಿ ಸಿ ಅಂದರೆ ಕರೆಂಟಿನ ಬೆಂಕಿ, ನಮ್ಮ ಲೇಬಲ್ಲಿನಲ್ಲಿ ಸಿ ಅಂದರೆ ಗ್ಯಾಸಿನ ಬೆಂಕಿ. ಬಿ ಎರಡೂ ಕಡೆ ಪೆಟ್ರೋಲು, ಎಣ್ಣೆ. ಹಾಗಾಗಿ ವೈರಿಂಗಿಗೆ ಆಗುತ್ತದಾ ಅಂತ ಲೇಬಲ್ಲಿನಲ್ಲಿ ಬೇರೆಯಾಗಿ ಓದಿ.

ಪೈರೀನ್ ವಿಷಯ ದಯವಿಟ್ಟು ಹುಷಾರು. ಅದರಲ್ಲಿ ಇರುತ್ತಿದ್ದುದು ಕಾರ್ಬನ್ ಟೆಟ್ರಾಕ್ಲೋರೈಡ್. ಅದೇ ವಿಷ, ಸಾಲದ್ದಕ್ಕೆ ಬೆಂಕಿಗೆ ತಾಗಿದರೆ ಫಾಸ್ಜೀನ್ ಆಗುತ್ತದೆ, ಮೊದಲ ಮಹಾಯುದ್ಧದಲ್ಲಿ ಬಿಟ್ಟ ಗ್ಯಾಸ್ ಅದು. ಅಲ್ಲಾಡಿಸಿ ನೋಡಿ, ಒಳಗೆ ಗುಳುಗುಳು ಅಂದರೆ ಪಾಲಿಶ್ ಅಂಗಡಿಗೆ ಕೊಡಲೇಬೇಡಿ. ಖಾಲಿ ಇದ್ದರೆ ಶೋಕೇಸಿಗೆ ಸರಿ.

ಮಲ್ಲೇಶ್ವರಂ ಅಂಬಾಸಿಡರ್:
ಇದೆಲ್ಲದರ ಜೊತೆ ಪೆಟ್ರೋಲ್ ಹೋಸ್ ನೋಡಿದ್ದೀರಾ? 2023ರ ಫೆಬ್ರವರಿಯಲ್ಲಿ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಲ್ಲೇ. ಎಥೆನಾಲ್‌ಗೆ ಹಳೇ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬಿರುಕು ಬಿಡುತ್ತದೆ. ಪಂಪಿನಿಂದ ಕಾರ್ಬ್ಯುರೇಟರಿಗೆ ಬರುವ ಹೋಸನ್ನು ಹಾಗೇ ಬಗ್ಗಿಸಿ ನೋಡಿ. ನನ್ನ ಗಾಡಿಯದು ಬಗ್ಗಿಸಿದ ಕಡೆ ಬೆವರಿದ ಹಾಗೆ ಒದ್ದೆಯಾಗಿತ್ತು, ಅಲ್ಲಿವರೆಗೆ ಪೆಟ್ರೋಲ್ ವಾಸನೆಯನ್ನು ಹಳೇ ಗಾಡಿಯ ಲಕ್ಷಣ ಅಂದುಕೊಂಡಿದ್ದೆ! ಎಥೆನಾಲ್ ತಡೆಯುವ ಹೋಸ್ ಹಾಕಿಸಿ, ಕ್ಲಿಪ್ಪೂ ಹೊಸದು.

ಹೊಗೆ ಕಂಡರೆ ಮೊದಲು ಇಗ್ನಿಷನ್ ಆಫ್. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಭಗ್ ಅನ್ನುತ್ತದೆ. ಸಂದಿಯಷ್ಟೇ ತೆರೆದು, ಬೆಂಕಿಯ ಬುಡಕ್ಕೆ ಬಿಡಿ. ಒಂದು ಕಿಲೋ ಅಂದರೆ ಹತ್ತು ಸೆಕೆಂಡಿನ ಆಟ, ಆಮೇಲೆ ದೂರ ಹೋಗಿ.

ಜಯನಗರದ ಪದ್ಮಿನಿ:
ಅಪ್‌ಡೇಟ್. ರೀಫಿಲ್ ಅಂಗಡಿಯವರು ಹಳೆಯದರ ಗ್ಯಾಸ್ ಬಿಟ್ಟು ಬಿಚ್ಚಿದರು. ಪೌಡರ್ ಬೆಲ್ಲದ ಅಚ್ಚಿನ ಹಾಗೆ ತಳಕ್ಕೆ ಕಚ್ಚಿಕೊಂಡಿತ್ತು, ಸ್ಕ್ರೂಡ್ರೈವರಿನಲ್ಲಿ ಕುಕ್ಕಿದರೆ ಹೆಂಟೆ ಹೆಂಟೆ. ಹೊಸ ಎಬಿಸಿ ತಗೊಂಡೆ, ಸಿಓಟು ಮುಂದಿನ ತಿಂಗಳು. ಹೋಸೂ ಬದಲಾಯಿತು. ಪಟ್ಟಿ ಐಡಿಯಾ ಸೂಪರ್, ಎಡಗಡೆ ಸೀಟಿನ ಮುಂದೆ ಗಟ್ಟಿಯಾಗಿ ಕೂತಿದೆ. ಒಂದೇ ತೊಂದರೆ, ಕಾಲಿಗೆ ತಾಗುತ್ತದೆ ಅಂತ ಅಮ್ಮ ಹಿಂದಿನ ಸೀಟಿಗೆ ಹೋಗಿದ್ದಾರೆ.