ಗೇರುಬೀಜದ ಫ್ಯಾಕ್ಟರಿಯನ್ನು ಕೆಲಸಗಾರರ ಸಹಕಾರಿಗೆ ಮಾರಬೇಕು, ಎಲ್ಲಿಂದ ಶುರು ಮಾಡುವುದು?

ಕಾರ್ಕಳದವ:
ತಂದೆಯವರ ಹೆಸರಿನ ಪ್ರೊಪ್ರೈಟರಿ ಫ್ಯಾಕ್ಟರಿ. ದಿನಕ್ಕೆ 2 ಟನ್ ಕಚ್ಚಾ ಬೀಜ, 60 ಜನ, ಹೆಚ್ಚಿನವರು ಸಿಪ್ಪೆ ತೆಗೆಯುವ, ಗ್ರೇಡಿಂಗ್ ಮಾಡುವ ಹೆಂಗಸರು. ಮನೆಯಲ್ಲಿ ಮುಂದುವರಿಸುವವರಿಲ್ಲ. ಕೇಳಿಕೊಂಡು ಬರುವವರಿಗೆ ಬೇಕಾದದ್ದು ರಸ್ತೆ ಬದಿಯ ಜಾಗ ಮಾತ್ರ. ಕೆಲಸಗಾರರೇ ಸೇರಿ ಕೊಳ್ಳಲು ತಯಾರಿದ್ದಾರೆ. ಯಾವ ಕಾಯ್ದೆಯಡಿ ನೋಂದಣಿ? ಹಣ ಹೇಗೆ ತೀರಿಸುವುದು? ಹಳೆಯ ಬಾಕಿಗಳು ಯಾರ ತಲೆಗೆ?

ಸೌಹಾರ್ದ ಪರ:
ಎರಡು ದಾರಿ ಇದೆ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, ಇಲ್ಲವೇ 1997ರ ಸೌಹಾರ್ದ ಕಾಯ್ದೆ. ಸರಕಾರದ ಷೇರು ಬೇಡ, ತೀರ್ಮಾನಗಳು ನಮ್ಮ ಕೈಯಲ್ಲೇ ಇರಲಿ ಎಂದಾದರೆ ಸೌಹಾರ್ದವೇ ಒಳ್ಳೆಯದು. ಪ್ರೊಡ್ಯೂಸರ್ ಕಂಪನಿ ಮಾಡಿ ಎಂದು ಸಲಹೆ ಕೊಡುವವರಿದ್ದಾರೆ, ಅದು ಬೆಳೆಗಾರರಂಥ ಉತ್ಪಾದಕರಿಗೆ ಹೊಂದುವ ಅಂಗಿ.

ಬೈಲಾ ಬರೆಯುವಾಗ ಅವಸರ ಬೇಡ ಮಾರಾಯ್ರೆ. ಅಲ್ಲಿ ಕೆಲಸ ಮಾಡುವವರಿಗೆ ಮಾತ್ರ ಸದಸ್ಯತ್ವ, ಕೆಲಸ ಬಿಟ್ಟರೆ ಷೇರು ವಾಪಸು, ಹೊಸಬರಿಗೆ ವರ್ಷ ತುಂಬಿದ ಮೇಲೆ ಸದಸ್ಯರಾಗುವ ಅರ್ಹತೆ. ಈ ಮೂರು ಇರಲೇಬೇಕು. ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ನಿವೃತ್ತರೇ ಮಾಲೀಕರಾಗಿ, ಒಳಗೆ ದುಡಿಯುವವರು ಬರೀ ಕೂಲಿಗಳಾಗಿ ಉಳಿಯುತ್ತಾರೆ. ಮ್ಯಾನೇಜರ್‌ಗೂ ಸಿಪ್ಪೆ ತೆಗೆಯುವವರಿಗೂ ಒಂದೊಂದೇ ಓಟು.

ಜಾಗ ಮಾರಬೇಡಿ. ಮನೆಯವರ ಹೆಸರಲ್ಲೇ ಇಟ್ಟು 15 ವರ್ಷದ ಲೀಸ್ ಮಾಡಿ, ನೋಂದಣಿ ಮಾಡಿಸಿ. ಬಾಯಿಮಾತಿನ ಬಾಡಿಗೆ ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಲೆಕ್ಕಪತ್ರ:
ಬಾಕಿಯ ವಿಷಯಕ್ಕೆ ಬರುತ್ತೇನೆ. ಮೊದಲು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಕೊಡಬೇಕಾದ ಮೊತ್ತ (ತಿಂಗಳಿಗೆ 26 ದಿನದ ಲೆಕ್ಕ). ತಿಂಗಳಿಗೆ 13,000 ಸಂಬಳ, 20 ವರ್ಷದ ಸೇವೆ ಎಂದರೆ 13,000 × 15 ÷ 26 × 20 = 1,50,000 ರೂ. ಅಂಥವರು 40 ಜನ ಇದ್ದರೆ 60 ಲಕ್ಷ! ಕಿಲೋ ಲೆಕ್ಕದ ಕೂಲಿಯವರಿಗೆ ಕೊನೆಯ 3 ತಿಂಗಳ ಸರಾಸರಿ ಹಿಡಿಯಬೇಕು. ಹಳೆಯ ಸೇವೆಯನ್ನು ಸಹಕಾರಿಯೇ ಒಪ್ಪಿಕೊಂಡು ಮುಂದುವರಿಸುವುದಾದರೆ ಈ ಮೊತ್ತ ಮಾರಾಟದ ಬೆಲೆಯಿಂದ ಕಳೆಯಲೇಬೇಕು. ಇದನ್ನು ಮರೆತು ಬೆಲೆ ಕಟ್ಟಿದರೆ ಸಹಕಾರಿ ಹುಟ್ಟುವಾಗಲೇ ಸಾಲಗಾರ. ಪಿ.ಎಫ್. ಹಳೆ ಬಾಕಿಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ. ಮೊದಲೇ ಚುಕ್ತಾ ಮಾಡಿ.

ಯಂತ್ರ, ದಾಸ್ತಾನು ಬಿಡಿಬಿಡಿಯಾಗಿ ಮಾರಬೇಡಿ. ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಜಿಎಸ್‌ಟಿ ಇಲ್ಲ. ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕಟ್ಟಿ ಇನ್ನೂ ಹೊಂದಿಸಿಕೊಳ್ಳದ ಜಿಎಸ್‌ಟಿ) ಐಟಿಸಿ-02 ಫಾರ್ಮಿನಲ್ಲಿ ದಾಟಿಸಬಹುದು, ಸಿಎ ಸರ್ಟಿಫಿಕೇಟ್ ಬೇಕು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮಾತ್ರ ಸಹಕಾರಿಯ ಹೆಸರಲ್ಲಿ ಹೊಸದಾಗಿಯೇ ಆಗಬೇಕು, ಅದು ಕೈಗೆ ಬರುವ ಮೊದಲು ವರ್ಗಾವಣೆಯ ದಿನ ನಿಗದಿ ಮಾಡಬೇಡಿ.

ಹಲವರು ಎಡವುವುದು ಇಲ್ಲಿ: ಹಣ ಕಂತಿನಲ್ಲಿ ಬಂದರೂ ಬಂಡವಾಳ ಲಾಭದ ತೆರಿಗೆ ವರ್ಗಾವಣೆಯಾದ ವರ್ಷವೇ ಪೂರ್ತಿ ಬೀಳುತ್ತದೆ. ಮೊದಲ ಕಂತು ಆ ತೆರಿಗೆಗಾದರೂ ಸಾಕಾಗುವಷ್ಟಿರಲಿ.

ಬೊರ್ಮ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಸಹಕಾರಿಯನ್ನು ಮುಳುಗಿಸುವುದು ಖರೀದಿ ಬೆಲೆಯಲ್ಲ, ಬೀಜ ಕೊಳ್ಳುವ ದುಡ್ಡು. ದಿನಕ್ಕೆ 2 ಟನ್ ಎಂದರೆ 100 ದಿನಕ್ಕೆ 200 ಟನ್. ಕಿಲೋಗೆ 120 ರೂ. ಎಂದಿಟ್ಟರೂ 2.4 ಕೋಟಿ. 60 ಜನ ತಲಾ 10,000 ಷೇರು ಹಾಕಿದರೆ ಕೂಡುವುದು 6 ಲಕ್ಷ! ಅಂತರ ನೋಡಿ. ಹಾಗಾಗಿ ನೋಂದಣಿ ಅರ್ಜಿಯ ಜೊತೆಜೊತೆಗೇ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನಲ್ಲಿ ದಾಸ್ತಾನಿನ ಮೇಲಿನ ಸಾಲದ ಮಾತು ಮುಗಿಸಿ. ಬೀಜ ಚೆನ್ನಾಗಿ ಒಣಗಿಸಿಯೇ ಗೋದಾಮಿಗೆ ಹಾಕಿ, ತೇವ ಉಳಿದರೆ ಮಳೆಗಾಲದಲ್ಲಿ ತಿರುಳು ಕಪ್ಪಾಗಿ ಅಡವಿಟ್ಟ ಮಾಲಿನ ಬೆಲೆಯೇ ಇಳಿಯುತ್ತದೆ.

ವರ್ಗಾವಣೆ ಜನವರಿ ಕೊನೆಗೆ, ಹೊಸ ಬೀಜ ಬರುವ ಮುಂಚೆ ಇಟ್ಟುಕೊಳ್ಳಿ. ಆಗ ದಾಸ್ತಾನು ತೀರಾ ಕಡಿಮೆ, ಕೊಡಬೇಕಾದ ಬೆಲೆಯೂ ಕಡಿಮೆ. ನಿಮ್ಮ ಕಂತುಗಳನ್ನು ದೀಪಾವಳಿ ಮಾರಾಟ ಆದ ಮೇಲೆ ತೆಗೆದುಕೊಳ್ಳಿ. ಮಾರ್ಚ್–ಮೇಯಲ್ಲಿ ಕೇಳಿದರೆ ಬೀಜಕ್ಕಿಟ್ಟ ದುಡ್ಡನ್ನೇ ಕಿತ್ತುಕೊಂಡಂತೆ.

1968ರಲ್ಲಿ ಮಂಗಳೂರಿನ ಬೀಡಿ ಕಂಪನಿಗಳು ಕಣ್ಣೂರಿನ ಕೆಲಸ ನಿಲ್ಲಿಸಿದಾಗ ಅಲ್ಲಿಯ ಕೆಲಸಗಾರರು 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಕಟ್ಟಿದರು. ಷೇರು ಹಣಕ್ಕೆ ಕೇರಳ ಸರಕಾರ ಸಾಲ ಕೊಟ್ಟಿತು, ಎಲೆ-ತಂಬಾಕು ಖರೀದಿಯನ್ನೂ ಮಾರಾಟವನ್ನೂ ಕೇಂದ್ರ ಸಂಘ ನೋಡಿಕೊಂಡಿತು, ಬೀಡಿ ಕಟ್ಟುವುದಷ್ಟೇ ಊರಿನ ಸಂಘಗಳ ಪಾಲಿಗೆ. ನಿಮ್ಮಲ್ಲಿ ಆ ಖರೀದಿ ಇಷ್ಟು ವರ್ಷ ತಂದೆಯವರ ಕೈಯಲ್ಲಿತ್ತು. ಎರಡು ಸೀಸನ್ ಅವರು ಸಂಬಳಕ್ಕೆ ನಿಂತು, ಬೀಜ ಕತ್ತರಿಸಿ ಗುಣ ನೋಡುವುದನ್ನೂ ಏಜೆಂಟರ ಹತ್ತಿರ ದರ ಮಾತಾಡುವುದನ್ನೂ ಇಬ್ಬರಿಗೆ ಕಲಿಸಿಕೊಡಲಿ. ಇದನ್ನು ಕರಾರಿನಲ್ಲೇ ಬರೆಯಿರಿ.