ಚರ್ಮದ ಡಾಕ್ಟರನ್ನು ಹೇಗೆ ಆರಿಸಿಕೊಂಡಿರಿ?

ಪ್ರಶ್ನೆ: ತೊಡೆಸಂದಿಯಲ್ಲಿ ಉಂಗುರದ ಹಾಗೆ ಕೆಂಪಗೆ ಎದ್ದಿದೆ, ವಿಪರೀತ ತುರಿಕೆ. ಮುಲಾಮು ಹಚ್ಚಿದರೆ ಅಡಗುತ್ತದೆ, ಬಿಟ್ಟ ಕೂಡಲೇ ಮತ್ತೆ ಶುರು. ಬೋರ್ಡ್ ನೋಡಿದರೆ ಎಲ್ಲರೂ ಸ್ಕಿನ್ ಸ್ಪೆಷಲಿಸ್ಟೇ. ಒಳ್ಳೆಯವರು ಯಾರು ಅಂತ ತಿಳಿಯುವುದು ಹೇಗೆ? ಜಾಗ ಬೇರೆ ಅಂಥದ್ದು, ತೋರಿಸಲು ಮುಜುಗರ.

ಉತ್ತರ: ನಮ್ಮ ಅಣ್ಣನಿಗೂ ಹೀಗೇ ಆಗಿತ್ತು. ಹುಳುಕಡ್ಡಿ, ಅಂದರೆ ಫಂಗಸ್‌ನಿಂದ ಬರುವ ಚರ್ಮದ ಸೋಂಕು. ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಅದು ತುರಿಕೆ, ಕೆಂಪು ಎರಡನ್ನೂ ತಗ್ಗಿಸುತ್ತದೆ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತಾ ಹೋಗುತ್ತದೆ. ಉಂಗುರದ ಅಂಚು ಮಾಸಿ, ಕಾಯಿಲೆಯ ಗುರುತೇ ಸಿಗದ ಹಾಗಾಗುತ್ತದೆ. ಮೊದಲು ತೋರಿಸಿದವರು ಕುರ್ಚಿಯಿಂದ ಏಳದೆ ಚೀಟಿ ಬರೆದುಕೊಟ್ಟರು. ಆಮೇಲೆ ಹೋದ ಡಾಕ್ಟರಮ್ಮ ಮೊದಲು ಕೇಳಿದ್ದೇ "ಇಷ್ಟು ದಿನ ಏನೇನು ಹಚ್ಚಿದ್ದೀರಿ?" ಅಂತ. ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದರು. ಅಂಚಿನ ಹೊಟ್ಟನ್ನು ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಉದುರಿಸಿಕೊಂಡು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಚರ್ಮದ ಕಣ ಕರಗಿ ಫಂಗಸ್‌ನ ಎಳೆ ಕಾಣುತ್ತದಂತೆ. ಮನೆಯಲ್ಲಿ ಇನ್ಯಾರಿಗಾದರೂ ಇದೆಯಾ ಅಂತಲೂ ವಿಚಾರಿಸಿದರು. ಅತ್ತಿಗೆಗೂ ಇತ್ತು, ಇಬ್ಬರಿಗೂ ಒಟ್ಟಿಗೇ ಔಷಧಿ ಕೊಟ್ಟರು. ಹಳೇ ಮುಲಾಮಿನ ಬಗ್ಗೆ ಕೇಳದ ಡಾಕ್ಟರ ಹತ್ತಿರ ನಾನಂತೂ ಎರಡನೇ ಸಲ ಹೋಗುವುದಿಲ್ಲ.

ಉತ್ತರ: ಹೌದು, ಟ್ಯೂಬ್‌ಗಳನ್ನೆಲ್ಲ ತಪ್ಪದೆ ಒಯ್ಯಿರಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡೇ. ಹಾಗಂತ ಸ್ಟೀರಾಯ್ಡ್ ಬರೆದವರೆಲ್ಲ ಕೆಟ್ಟ ಡಾಕ್ಟರಲ್ಲ. ನನಗೆ ಎಕ್ಸಿಮಾ, ಚರ್ಮ ಒಣಗಿ ತುರಿಸುವ ಕಾಯಿಲೆ, ಅದಕ್ಕೆ ಅದೇ ಮದ್ದು. ಎಲ್ಲಿಗೆ, ಎಷ್ಟು, ಎಷ್ಟು ದಿನ ಅಂತ ಬಿಡಿಸಿ ಹೇಳುತ್ತಾರಾ ನೋಡಿ. ನಮ್ಮ ಡಾಕ್ಟರು ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಮುಲಾಮು ಹಿಂಡಿ ತೋರಿಸಿದರು. ಅದು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಮುಖದ ಚರ್ಮ ತೆಳು, ಮೊಣಕಾಲಿಗೆ ಕೊಟ್ಟಿದ್ದನ್ನು ಅಲ್ಲಿಗೆ ಹಚ್ಚಬೇಡಿ ಅಂತಲೂ ಎಚ್ಚರಿಸಿದರು.

ಉತ್ತರ: ನನ್ನದು ಮೊಡವೆ ಕಥೆ. ಒಂದು ಕಡೆ ಡಾಕ್ಟರಿಗಿಂತ ಜಾಸ್ತಿ ಮಾತಾಡಿದ್ದು ಕೌಂಟರಿನವರು, ಅದೂ ಲೇಸರ್ ಪ್ಯಾಕೇಜ್ ಬಗ್ಗೆ! ಸುಮ್ನೆ ಎದ್ದು ಬಂದೆ. ಈಗ ತೋರಿಸುತ್ತಿರುವ ಡಾಕ್ಟರು ಮೊಡವೆಗೆ ಐಸೊಟ್ರೆಟಿನಾಯಿನ್ ಅನ್ನುವ ಮಾತ್ರೆ ಕೊಡುವ ಮೊದಲು ರಕ್ತಪರೀಕ್ಷೆ ಮಾಡಿಸಿದರು. ಮಾತ್ರೆ ನಡೆಯುವಾಗ ಗರ್ಭ ನಿಂತರೆ ಮಗುವಿಗೆ ಅಂಗವೈಕಲ್ಯ ಬರಬಹುದು ಅಂತ ಮುಚ್ಚುಮರೆ ಇಲ್ಲದೆ ಹೇಳಿದರು. ವಾರದಲ್ಲಿ ಮುಖ ಫಳಫಳ ಅನ್ನುವ ಭರವಸೆ ಕೊಡಲಿಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು. ಅಲ್ಲೇ ನಂಬಿಕೆ ಬಂತು. ಅಂದಹಾಗೆ, ಚರ್ಮದ ಕಾಯಿಲೆಯಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಪದವಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ಬ್ಯೂಟಿ ಕೋರ್ಸ್ ಬೇರೆ, ಇದು ಬೇರೆ ಅಲ್ವಾ?

ಉತ್ತರ: ಮುಜುಗರದ ವಿಷಯ ಯಾರೂ ಹೇಳಲಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಗಂಡು ಡಾಕ್ಟರ್ ಬೇಕಾ, ಹೆಣ್ಣು ಡಾಕ್ಟರ್ ಬೇಕಾ ಹೇಳಿಬಿಡಿ. ಜೊತೆಗೆ ಒಬ್ಬರು ಇರಲಿ ಅಂತಲೂ ಕೇಳಬಹುದು. ಫೋಟೋ ತೋರಿಸಿ ಮುಗಿಸಲು ನೋಡಬೇಡಿ, ಹೊಟ್ಟು ಕೆರೆಯಲು ಜಾಗ ಕಾಣಲೇಬೇಕು. ಹೋಗುವ ದಿನ ಅಲ್ಲಿ ಏನೂ ಹಚ್ಚಬೇಡಿ. ತುರಿಕೆ ನಿಂತಿತು ಅಂತ ಔಷಧಿ ನಡುವೆ ಬಿಡಬೇಡಿ, ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಹಚ್ಚಿ.