ಸಹಾಯ ಬೇಕು: ಕೊಲೊರಾಡೋದಲ್ಲಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಜಾಗ

ಎಲ್ಲರಿಗೂ ನಮಸ್ಕಾರ. ಡೆನ್ವರ್ ಹತ್ತಿರ ಇದ್ದೇನೆ. ಬೇಟೆಯ ತರಬೇತಿ ಮುಗಿಸಿ ಹಂಟರ್ ಎಜುಕೇಶನ್ ಕಾರ್ಡ್ ಸಿಕ್ಕಿದೆ. ಈ ಅಕ್ಟೋಬರ್‌ನಲ್ಲಿ ಮೊದಲ ಸಲ ರೈಫಲ್ ಸೀಸನ್‌ಗೆ (ರೈಫಲ್‌ನಿಂದ ಬೇಟೆಯಾಡಲು ಬಿಡುವ ದಿನಗಳು) ಹೋಗಬೇಕು ಅಂತ ಆಸೆ.

ಹೋದ ತಿಂಗಳು ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ಎರಡು ದಿನ ಸುತ್ತಾಡಿದೆ. ಸರ್ಕಾರಿ ಕಾಡು, ಹೋಗಲು ಯಾರ ಒಪ್ಪಿಗೆಯೂ ಬೇಡ. ಆದರೆ ರಸ್ತೆ ಪಕ್ಕ ಜನ ಜಾಸ್ತಿ. ಎರಡು ಮೈಲಿ ಒಳಗೆ ಹೋದ ಮೇಲೆ ಆಸ್ಪೆನ್ ಮರಗಳ ತೊಗಟೆಯನ್ನು ಎಲ್ಕ್ ಕಚ್ಚಿದ ಗುರುತು ಸಿಕ್ಕಿತು. ಪಕ್ಕದ ಕೆಸರಿನಲ್ಲಿ ನನ್ನ ಅಂಗೈಯಷ್ಟು ಅಗಲದ ಗೊರಸಿನ ಹೆಜ್ಜೆ, ಇನ್ನೂ ಹಸಿ. ಎದೆ ಡವಡವ ಅಂದಿತು!

ಗುಂಡಿನ ಸದ್ದು ಶುರುವಾದರೆ ಹಿಂಡು ಕೆಳಗಿನ ಖಾಸಗಿ ಹುಲ್ಲುಗಾವಲಿಗೆ ಇಳಿದುಬಿಡುತ್ತದೆ ಅಲ್ವಾ? ಅಲ್ಲಿ ಬೋರ್ಡ್ ಇರಲಿ, ಇಲ್ಲದಿರಲಿ, ಮಾಲೀಕರು ಒಪ್ಪದೆ ಕಾಲಿಡುವಂತಿಲ್ಲ. ಹಳಬರು ಹೇಳಿ, ರ‍್ಯಾಂಚ್‌ನವರನ್ನು (ದನ ಸಾಕುವ ಆ ಜಮೀನಿನ ಮಾಲೀಕರನ್ನು) ಯಾವಾಗ, ಹೇಗೆ ಕೇಳಬೇಕು? ಬೇಸಿಗೆಯಲ್ಲೇ ಹೋಗಿ ಬೇಲಿ ಕೆಲಸಕ್ಕೆ ಕೈ ಹಾಕುತ್ತೇನೆ ಅಂದರೆ ಒಪ್ಪುತ್ತಾರಾ? ಸಾವಿರಾರು ಡಾಲರ್ ಕೊಡುವ ಶಕ್ತಿ ನನಗಿಲ್ಲ.

ನಿಮ್ಮ ಗುಟ್ಟಿನ ಜಾಗ ಹೇಳಬೇಡಿ. ಯಾವ ಯೂನಿಟ್‌ನಲ್ಲಿ (ಬೇಟೆಗೆಂದು ಗುರುತಿಸಿದ ವಲಯದಲ್ಲಿ) ಹುಡುಕಬೇಕು ಅಂದರೆ ಸಾಕು. ಜೊತೆಗೆ ಯಾರಾದರೂ ಬಂದರೆ ಇನ್ನೂ ಒಳ್ಳೆಯದು. ಗಂಡು ಎಲ್ಕ್ ಅಂದರೆ ಸುಮಾರು 300 ಕೆಜಿ. ಒಬ್ಬನೇ ಮಾಂಸ ಹೊತ್ತು ತರುವಷ್ಟರಲ್ಲಿ ಕೆಟ್ಟುಹೋದರೆ ಆ ಪ್ರಾಣಿಗೆ ಮಾಡಿದ ಅನ್ಯಾಯ.